ಕೊಂಡಮ್ಮನ ಕೈಗುಣ

ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರಿಗಾದರೂ ಸೊಂಟ ಹಿಡಿದರೆ, ತೋಳು ಎತ್ತಲಾಗದಿದ್ದರೆ, ಮೊದಲು ಬಾಯಿಗೆ ಬರುತ್ತಿದ್ದದ್ದು ಕೊಂಡಮ್ಮನ ಹೆಸರು. ಡಾಕ್ಟರ ಹೆಸರು ಆಮೇಲೆ. "ಕೊಂಡಮ್ಮಕ್ಕನ ಕೈಗುಣ ಒಳ್ಳೇದು, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ" ಅನ್ನುತ್ತಿದ್ದರು. ನಾನು ಅವಳ ಪಕ್ಕದ ಮನೆಯವಳು, ರಾಧಾಮಣಿ. ಬಟ್ಟೆ ಹೊಲಿಯುವುದು ನನ್ನ ಕೆಲಸ. ಮಿಷನ್ ತುಳಿದು ತುಳಿದು ಬೆನ್ನು ಸೆಟೆದುಕೊಂಡಾಗ ನನಗೂ ಒಮ್ಮೆ ಅವಳೇ ಸೂಜಿ ಹಾಕಿದ್ದಳು. ಈಗ ಅವಳ ಹೆಸರೆತ್ತಿದರೆ ಬೀದಿಯವರು ಉಗುಳುತ್ತಾರೆ. ಉಗುಳುವವರಲ್ಲಿ ಅರ್ಧಕ್ಕರ್ಧ ಜನ ಅವಳ ಮುಂದೆ ತೋಳು ಚಾಚಿ ಕೂತವರೇ. ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಕೊಂಡಮ್ಮ ಹುಟ್ಟಿದ್ದು ಚಿಂತಾಮಣಿ ಕಡೆಯ ಕೆಂಚಾರ್ಲಹಳ್ಳಿಯಲ್ಲಿ. ಗಂಡ ನಲ್ಲಪ್ಪ ಬದುಕಿದ್ದಾಗ ಚಿಂತಾಮಣಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದಳು. ಅದು ಗಾಜಿನ ಸಿರಿಂಜಿನ ಕಾಲ. ಸೂಜಿ, ಸಿರಿಂಜು ಎಲ್ಲವನ್ನೂ ಸ್ಟೀಲ್ ಡಬ್ಬಿಗೆ ಹಾಕಿ ಸ್ಟೌ ಮೇಲೆ ಗಳಗಳ ಕುದಿಸುವುದು ಅವಳ ಕೆಲಸ. ನರ್ಸಮ್ಮ ಸೂಜಿ ಹಾಕುವುದನ್ನು ನೋಡಿ ನೋಡಿ ತಾನೂ ಕಲಿತಳು. ನಲ್ಲಪ್ಪ ತೀರಿಕೊಂಡ, ನರ್ಸಿಂಗ್ ಹೋಮೂ ಮುಚ್ಚಿತು. ಮಗ ಗಂಗರಾಜುವನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಬಂದು ವೆಂಕಟರವಣಪ್ಪನವರ ರೀಲಿಂಗ್ ಶೆಡ್ಡಿನಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಸೇರಿದಳು.

ಅವಳ ಮನೆಯಷ್ಟು ಚೊಕ್ಕಟವಾದ ಮನೆ ನಮ್ಮ ಬೀದಿಯಲ್ಲಿ ಇನ್ನೊಂದಿರಲಿಲ್ಲ. ಗೋಡೆಯ ಮೇಲೆ ನಲ್ಲಪ್ಪ ತಂದು ಹಾಕಿದ್ದ ಬುದ್ಧನ ಪಟ. ಅದರ ಗಾಜನ್ನು ದಿನಾ ಒರೆಸುತ್ತಿದ್ದಳು. ಚೊಂಬು ತಿಕ್ಕಿದರೆ ಮುಖ ಕಾಣಬೇಕು. "ಯಾಕಕ್ಕ ಇಷ್ಟು ತಿಕ್ತೀಯಾ, ಪಾತ್ರೆ ಸವೆದು ಹೋದಾತು" ಎಂದು ನಾನು ರೇಗಿಸಿದರೆ, "ನಮ್ಮನ್ನ ನೋಡಿ ಮೂಗು ಮುರಿಯೋರ ಕೈಗೆ ಒಂದು ಕಸದ ಕಡ್ಡೀನೂ ಸಿಗಬಾರ್ದು ಕಣಮ್ಮ" ಎನ್ನುತ್ತಿದ್ದಳು. ಮಾತು ಸುಳ್ಳಲ್ಲ. ಅವಳ ಜಾತಿ ತಿಳಿದಿದ್ದವರು ಆ ಫಳಫಳ ಚೊಂಬಿನಲ್ಲಿ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಅದೇ ಜನ ಅವಳ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳಲು ಸಾಲಾಗಿ ಕೂರುತ್ತಿದ್ದರು. ಬಾಯಿಗಿದ್ದ ಮೈಲಿಗೆ ತೋಳಿಗೆ ಇರಲಿಲ್ಲ. ನಮ್ಮ ಜನದ ಮಡಿ ಇಂಥದ್ದು.

ರೀಲಿಂಗ್ ಶೆಡ್ಡು ನೋಡದವರಿಗೆ ಒಂದು ಮಾತು ಹೇಳಬೇಕು. ಒಂದು ಕಡೆ ದೊಡ್ಡ ಬಾಣಲೆಯಲ್ಲಿ ರೇಷ್ಮೆಗೂಡು ಕುದಿಯುತ್ತದೆ. ಬೆಂದ ಗೂಡನ್ನು ಜಾಲರಿಯಲ್ಲಿ ಎತ್ತಿ ಸಾಲಾಗಿರುವ ಬಿಸಿನೀರಿನ ತೊಟ್ಟಿಗಳಿಗೆ ಹಾಕುತ್ತಾರೆ. ತೊಟ್ಟಿಯ ಮುಂದೆ ಕೂತವರು ನೀರಿನೊಳಗೆ ಬೆರಳಾಡಿಸಿ ಎಳೆ ಹುಡುಕಿ ಮೇಲಿನ ಚಕ್ರಕ್ಕೆ ಕೊಡುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ಕೈ ನೀರಿನಲ್ಲೇ. ಬೆರಳ ಸಂದುಗಳು ಬೆಳ್ಳಗಾಗಿ ಬಿರಿದು, ಅನ್ನ ಕಲಸಿದರೆ ಉಪ್ಪು ಖಾರ ಒಳಗಿಳಿದು ಪ್ರಾಣ ಹೋಗುತ್ತದೆ. ಕೂತು ಕೂತು ಸೊಂಟ ಬೀಳುತ್ತದೆ. ಮೈಗೆಲ್ಲ ಬೆಂದ ಹುಳುವಿನ ವಾಸನೆ. ನಮಗೆ ಸೀರೆ ಉಡುವಾಗ ಇದೆಲ್ಲ ನೆನಪಿಗೆ ಬರುವುದಿಲ್ಲ, ಬಿಡಿ.

ಕೊಂಡಮ್ಮ ಸೂಜಿ ಹಿಡಿದದ್ದು ಆ ನೋವು ನೋಡಲಾರದೆ. ಮೊದಲು ಹಾಕಿದ್ದು ಪಕ್ಕದ ತೊಟ್ಟಿಯ ಮುನಿಗಂಗಮ್ಮನಿಗೆ. ಬಸ್‌ಸ್ಟ್ಯಾಂಡ್ ಕಡೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಆಪರೇಷನ್ ಆದವರಿಗೆ ಕೊಡುವ ನೋವಿನ ಇಂಜೆಕ್ಷನ್ನು ಡಾಕ್ಟರ ಚೀಟಿ ಇಲ್ಲದೆ ಸಿಗುತ್ತಿತ್ತು. ಸಣ್ಣ ಗಾಜಿನ ಸೀಸೆ, ಕತ್ತು ಮುರಿದರೆ ಮದ್ದು. ಹಾಕಿಸಿಕೊಂಡ ಗಳಿಗೆಯಲ್ಲೇ ನೋವು ಮಾಯ, ಮೈ ಹಗುರ, ಮನೆಯ ತಾಪತ್ರಯವೂ ದೂರ. ಮುನಿಗಂಗಮ್ಮನ ಹಿಂದೆ ಅವಳ ಗಂಡ ಬಯ್ಯಪ್ಪ ಬಂದ, ಅವನ ಹಿಂದೆ ಶೆಡ್ಡಿನ ಉಳಿದವರು. ನೋವು ಬಂದಾಗ ಹಾಕಿಸಿಕೊಳ್ಳುತ್ತಿದ್ದವರು ನೋವು ಬರದಿರಲಿ ಎಂದು ಹಾಕಿಸಿಕೊಳ್ಳತೊಡಗಿದರು. ಆಮೇಲೆ ಹಾಕಿಸಿಕೊಳ್ಳದಿದ್ದರೇ ನೋವು. ಮದ್ದು ಹೋಗಿ ಅಮಲಾಯಿತು. ದಿನಾ ಚುಚ್ಚಿಸಿಕೊಂಡ ತೋಳು, ತೊಡೆಗಳ ಮಾಂಸ ಹಲಗೆಯ ಹಾಗೆ ಗಟ್ಟಿಯಾಯಿತು. ಕೊಂಡಮ್ಮ ಕೆಲವೊಮ್ಮೆ ಬೈದು ಕಳಿಸುತ್ತಿದ್ದಳು. ಅವರು ಅತ್ತು ಕರೆದು ಮತ್ತೆ ಬರುತ್ತಿದ್ದರು. ಅವಳದು ಕರಗುವ ಮನಸ್ಸು.

ಎಲ್ಲರಿಗೂ ಒಂದೇ ಪ್ಲಾಸ್ಟಿಕ್ ಸಿರಿಂಜು. ಮೊನೆ ಮೊಂಡಾಗುವ ತನಕ ಅದೇ ಸೂಜಿ. ಆದರೆ ಒಬ್ಬರಿಗೆ ಹಾಕಿ ಇನ್ನೊಬ್ಬರಿಗೆ ಹಾಕುವ ಮೊದಲು ತೊಳೆಯದೆ ಇರುತ್ತಿರಲಿಲ್ಲ. ನರ್ಸಿಂಗ್ ಹೋಮಿನ ಅಭ್ಯಾಸದಂತೆ ಮೊದಲು ಅದನ್ನೂ ಕುದಿಯುವ ಬಾಣಲೆಗೇ ಹಾಕಿದ್ದಳಂತೆ. ಪ್ಲಾಸ್ಟಿಕ್ಕು ಮೆತ್ತಗಾಗಿ ಸೊಟ್ಟಗಾಯಿತು. ಅಂದಿನಿಂದ ತನ್ನ ಮುಂದಿನ ತೊಟ್ಟಿಯಲ್ಲೇ ಅದ್ದಿ, ಬಿಸಿನೀರು ಒಳಗೆಳೆದು ಪಿಚಕ್ಕನೆ ಹೊರಗೆ ಬಿಡುವುದು. "ಹುಳ ಸಾಯೋ ನೀರಮ್ಮ ಇದು! ಗೂಡೊಳಗಿನ ಜೀವಾನೇ ಉಳಿಯಲ್ಲ ಅಂದ್ಮೇಲೆ ಇನ್ಯಾವ ಕ್ರಿಮಿ ಉಳೀತೈತೆ?" ಎನ್ನುತ್ತಿದ್ದಳು. ನಾವೆಲ್ಲ ತಲೆಯಾಡಿಸಿದೆವು. ಹುಳು ಸಾಯುವುದು ಆ ಕಡೆಯ ಬಾಣಲೆಯಲ್ಲಿ, ಈ ಕಡೆಯ ತೊಟ್ಟಿಗೆ ಬರುವ ಹೊತ್ತಿಗೆ ಅದು ಸತ್ತೇ ಬಂದಿರುತ್ತದೆ. ಶೆಡ್ಡಿನಲ್ಲೇ ಹುಟ್ಟಿ ಬೆಳೆದವರಿಗೂ ಅದು ಹೊಳೆಯಲಿಲ್ಲ.

ಗಂಗರಾಜು ಅದೇ ಶೆಡ್ಡಿನಲ್ಲಿ ಸೌದೆ ಸೀಳಿ ಒಲೆಗೆ ಹಾಕುತ್ತಿದ್ದ. ಕರೆಂಟು ಹೋದರೆ ಚಕ್ರ ತಿರುಗಿಸುವುದೂ ಅವನೇ. ನಗುಮುಖದ ಹುಡುಗ. ಗೌರಿಬಿದನೂರು ಕಡೆಯ ಲಾವಣ್ಯಳನ್ನು ಮದುವೆಯಾಗಿ ಒಂದು ಹೆಣ್ಣುಮಗು ಆಗಿತ್ತು. ಒಂದು ಸಲ ಸೌದೆ ಸೀಳುವಾಗ ಹೆಗಲು ಉಳುಕಿತು. ತಾಯಿಯೇ ಸೂಜಿ ಹಾಕಿದಳು. ಹೆಗಲು ಸರಿಹೋಯಿತು, ಸೂಜಿಯ ಚಟ ಬಿಡಲಿಲ್ಲ. ಇದಕ್ಕೆ ತಾಯಿ ಬೈದಳೆಂದು ಊರಾಚೆಯ ನೀಲಗಿರಿ ತೋಪಿಗೆ ಹೋಗಲು ಶುರುಮಾಡಿದ. ಅಲ್ಲಿ ನಾಲ್ಕೈದು ಜನ ಸೇರಿ, ಒಂದೇ ಸೂಜಿಯನ್ನು ನರಕ್ಕೆ ಚುಚ್ಚಿಕೊಳ್ಳುತ್ತಿದ್ದರು. ತೊಳೆಯುವ ಮಾತೇ ಇಲ್ಲ, ಅಂಗಿಯ ಚುಂಗಿಗೆ ಒರೆಸಿದರೆ ಆಯಿತು.

ಕೊಂಡಮ್ಮನಿಗೆ ಗೊತ್ತಾದ ದಿನ ತೋಪಿಗೇ ಹೋಗಿ ಮಗನ ಕಾಲರ್ ಹಿಡಿದು ಎಳೆದುಕೊಂಡು ಬಂದಳು. ನಮ್ಮ ನಡುಗೋಡೆ ಒಂದೇ, ಮಾತೆಲ್ಲ ಕೇಳಿಸಿತು.

"ಬಿಟ್ಬಿಡಪ್ಪ, ನಿನ್ ಕಾಲಿಗೆ ಬೀಳ್ತೀನಿ."

"ಆಗ್ತಿಲ್ಲ ಕಣಮ್ಮ. ಮೈಯೆಲ್ಲ ಹಿಂಡತ್ತೆ."

ಆಮೇಲೆ ಕೊಂಡಮ್ಮ ಹೇಳಿದಳು: "ಬೇಕೇ ಬೇಕು ಅಂದ್ರೆ ನನ್ ಕೈಯಲ್ಲೇ ಹಾಕಿಸ್ಕೋ. ಆ ಗಲೀಜು ಸೂಜಿ ಮಾತ್ರ ಮುಟ್ಬೇಡ. ಏಡ್ಸು ಗೀಡ್ಸು ಅಂತ ಟೀವೀಲಿ ತೋರಿಸ್ತಾರಲ್ಲ, ಅದು ನಿಂಗೆ ಬಂದ್ರೆ ನಾನು ಯಾಕಪ್ಪ ಬದುಕಿರ್ಲಿ?"

ಅಂದಿನಿಂದ ಮಗನಿಗೆ ಅವಳೇ ಹಾಕತೊಡಗಿದಳು. ಮಗ ಅಮಲಿನಿಂದ ಹೊರಗೆ ಬರುವುದು ಅವಳ ಕೈ ಮೀರಿದ ಮಾತು, ಆದರೆ ರೋಗ ಅಂಟದಂತೆ ಕಾಯುವುದು ತನ್ನ ಕೈಯಲ್ಲಿದೆ ಎಂದು ನಂಬಿದ್ದಳು. ಸಿರಿಂಜು ಅದೇ, ಶೆಡ್ಡಿನವರಿಗೆಲ್ಲ ಹಾಕುತ್ತಿದ್ದದ್ದು. ಮಗನಿಗೆಂದು ಎರಡು ಸಲ ಹೆಚ್ಚು ಅದ್ದಿ ತೊಳೆಯುತ್ತಿದ್ದಳು. ಮನೆ ಸೇರಿದ ಗಂಡನನ್ನು ನೋಡಿ ಲಾವಣ್ಯಳೂ ಸಮಾಧಾನಪಟ್ಟಳು.

ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಗಂಗರಾಜುವಿಗೆ ಬಿಟ್ಟು ಬಿಟ್ಟು ಜ್ವರ ಬರತೊಡಗಿತು. ಬೆನ್ನಿನ ಒಂದು ಪಕ್ಕಕ್ಕೆ ಸರ್ಪಸುತ್ತು ಎದ್ದಿತು. ಕೆಮ್ಮಣ್ಣು ಹಚ್ಚಿದರು, ಮಂತ್ರ ಹಾಕಿಸಿದರು. ಅದು ಒಣಗುವ ಹೊತ್ತಿಗೆ ಬಾಯೊಳಗೆ ಬಿಳಿ ಹುಣ್ಣು. ಶಿಡ್ಲಘಟ್ಟದ ಡಾಕ್ಟರು ನಾಲಿಗೆ ನೋಡಿ, ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂದರು. ಕೊಂಡಮ್ಮ ಒಬ್ಬಳೇ ಹೋಗಲು ಹೆದರಿದಳು, ನಾನೂ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಒಂದೇ ಮಾತು: "ಅದಂತೂ ಇರಕ್ಕಿಲ್ಲ ಬಿಡು ರಾಧಮ್ಮ. ನಾನೇ ತೊಳೆದು ಹಾಕಿದ್ದೀನಲ್ಲ."

ಪರೀಕ್ಷೆಯ ಕೋಣೆಯಲ್ಲಿ ಶೋಭಾರಾಣಿ ಎಂಬ ಕೌನ್ಸೆಲರ್ ಇದ್ದಳು. ಚಿಕ್ಕ ವಯಸ್ಸಿನವಳು, ಆದರೆ ಬಾಯಿ ಮೆದು. ಗಂಗರಾಜುವನ್ನು ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದಳು. ಅವನು ಹೊರಗೆ ಬಂದು ಬೆಂಚಿನ ಮೇಲೆ ಕೂತು, "ಐತಂತೆ ಕಣಮ್ಮ" ಎಂದ. ಅವನೇ ಒಪ್ಪಿದ ಮೇಲೆ ಶೋಭಾರಾಣಿ ನಮ್ಮಿಬ್ಬರನ್ನೂ ಒಳಗೆ ಕರೆದಳು.

ಕೊಂಡಮ್ಮ ಅಳಲಿಲ್ಲ, ಜಗಳಕ್ಕೆ ನಿಂತಳು. "ನಿಮ್ ಮಿಷನ್ ಸರಿ ಇಲ್ಲ ಕಣಮ್ಮ. ಇವ್ನು ತೋಪು ಬಿಟ್ಟು ಎರಡು ವರ್ಷ ಆಯ್ತು. ಸೂಜಿ ನಾನೇ ಹಾಕೋದು. ಬಿಸಿನೀರಲ್ಲಿ ತೊಳೆದು ಹಾಕ್ತೀನಿ, ಬೇಕಾದ್ರೆ ಇವಳ್ನ ಕೇಳಿ."

"ಎಷ್ಟು ಬಿಸಿ ಅಮ್ಮ? ಕುದಿಯೋ ನೀರಾ?"

"ನೂಲು ತೆಗೆಯೋ ನೀರು. ಹುಳ ಸಾಯೋ ನೀರು."

"ನೂಲು ತೆಗೆಯೋವಾಗ ಕೈ ಅದರಲ್ಲೇ ಇರುತ್ತಲ್ಲಮ್ಮ?"

"ಇರದೆ ಮತ್ತೆ?"

ಶೋಭಾರಾಣಿ ಕೊಂಡಮ್ಮನ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡಳು. ಆ ಬಿರಿದ ಬಿಳಿ ಬೆರಳುಗಳನ್ನು ನೋಡಿದಳು. "ಅಮ್ಮ, ನಿಮ್ಮ ಕೈ ತಡಕೊಳ್ಳೋ ಬಿಸಿಗೆ, ಅದೂ ಹಂಗೆ ಅದ್ದಿ ತೆಗೆದ್ರೆ, ಈ ವೈರಸ್ ಸಾಯಲ್ಲ. ತೋಪಲ್ಲಿ ಬಂತೋ, ಆಮೇಲೆ ಬಂತೋ, ಯಾರಿಗೂ ಹೇಳಕ್ಕಾಗಲ್ಲ. ಆದ್ರೆ ಆ ಸೂಜಿ ಯಾರ್ಯಾರಿಗೆ ಹಾಕಿದ್ದೀರೋ ಅವರೆಲ್ಲ ಬಂದು ಪರೀಕ್ಷೆ ಮಾಡಿಸ್ಕೋಬೇಕು."

ಕೊಂಡಮ್ಮ ತನ್ನ ಕೈಯನ್ನು ಬಿಡಿಸಿಕೊಂಡು ಸೆರಗಿನೊಳಗೆ ಮುಚ್ಚಿಟ್ಟಳು. ಆಮೇಲೆ ನಾನು ಆ ಕೈಯನ್ನು ಬಯಲಲ್ಲಿ ನೋಡಿದ್ದು ಕಡಿಮೆ. ನಾನೂ ಅಲ್ಲೇ ರಕ್ತ ಕೊಟ್ಟೆ. ನನಗೆ ಇರಲಿಲ್ಲ. ಸುಳ್ಳು ಯಾಕೆ ಹೇಳಲಿ, ಪಕ್ಕದಲ್ಲಿ ಅವಳು ಹಾಗೆ ಕೂತಿರುವಾಗಲೂ ನನಗೆ ಜೀವ ಬಂದಂತಾಯಿತು.

ಮನೆಯಲ್ಲಿ ಸಂಗತಿ ಹೇಳಿದಾಗ ಲಾವಣ್ಯ ಚೀರಲಿಲ್ಲ, ಕೂಗಲಿಲ್ಲ. ಮಗುವನ್ನು ಎತ್ತಿ ಸೊಂಟದಲ್ಲಿ ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಅತ್ತೆ, ಹಬ್ಬದಲ್ಲಿ ಪಾಪೂಗೆ ಜ್ವರ ಬಂದಿತ್ತಲ್ಲ. ಆಗ ಸೂಜಿ ಹಾಕಿದ್ರಾ?"

ಕೊಂಡಮ್ಮ "ಹಾಕಿದ್ದೆ ಕಣಮ್ಮ" ಎಂದಳು.

ಮಾರನೆಯ ದಿನ ತಾಯಿ ಮಗು ಇಬ್ಬರ ರಕ್ತವೂ ನೋಡಿದರು. ಲಾವಣ್ಯಳಿಗೆ ಇತ್ತು. ಮಗುವಿಗೆ ಇರಲಿಲ್ಲ. ಇಷ್ಟೆಲ್ಲದರಲ್ಲಿ ದೇವರು ಕಣ್ಣು ಬಿಟ್ಟದ್ದು ಅದೊಂದೇ ಕಡೆ. ಲಾವಣ್ಯ ಮಗುವನ್ನು ಕಟ್ಟಿಕೊಂಡು ತವರಿಗೆ ಹೋದಳು. ಹೋಗುವಾಗ ಕೊಂಡಮ್ಮ ಮೊಮ್ಮಗಳ ಕೆನ್ನೆ ಮುಟ್ಟಲು ಕೈ ಚಾಚಿದಳು. ಲಾವಣ್ಯ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. ಅವಳದು ತಪ್ಪು ಎಂದು ನಾನು ಹೇಳಲಾರೆ, ಕೊಂಡಮ್ಮನೂ ಹೇಳಲಿಲ್ಲ.

ಕೌನ್ಸೆಲರ್ ಹೇಳಿದಂತೆ ಕೊಂಡಮ್ಮ ಶೆಡ್ಡಿಗೆ ಹೋಗಿ ಎಲ್ಲರ ಎದುರು ನಿಂತಳು. "ನನ್ ಸೂಜಿಯಿಂದ ನಿಮಗೂ ಬಂದಿರಬೋದು. ಚಿಕ್ಕಬಳ್ಳಾಪುರಕ್ಕೆ ಹೋಗಿ ರಕ್ತ ಕೊಟ್ಟು ಬನ್ರಪ್ಪ" ಎಂದು ಕೈಮುಗಿದಳು. ಹೀಗೆ ಹೇಳಲು ಎಂಥ ಎದೆ ಬೇಕು ಎಂದು ಯೋಚಿಸಿ ನೋಡಿ. ಕೇಳಿದವರ ಉತ್ತರ ಇದು: "ನಿನ್ ಮಗ ಎಲ್ಲೋ ಕೆಟ್ಟ ಹೆಂಗಸಿನ ಹತ್ರ ಹೋಗಿ ತಂದ್ಕೊಂಡವ್ನೆ. ಆ ಗಲೀಜು ತಂದು ನಮ್ಮ ಮೈಗೆ ಬಳೀಬೇಡ." ಬಯ್ಯಪ್ಪನದೇ ಜೋರು ಗಂಟಲು. ಮುನಿಗಂಗಮ್ಮ ಮಾತ್ರ ತಲೆ ತಗ್ಗಿಸಿ ಎಳೆ ಹುಡುಕುತ್ತಾ ಕೂತಿದ್ದಳಂತೆ. ವೆಂಕಟರವಣಪ್ಪನವರು, "ನಮ್ ಶೆಡ್ಡಿನ ಹೆಸರು ಕೆಡ್ತದೆ, ನೀನು ನಾಳೆಯಿಂದ ಬರೋದು ಬೇಡಮ್ಮ" ಎಂದರು. ಅವಳು ಕೂರುತ್ತಿದ್ದ ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಸುರಿದು ತೊಳೆಸಿದರು. ರಕ್ತ ಪರೀಕ್ಷೆಗೆ ಒಬ್ಬರೂ ಹೋಗಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಈ ರೋಗಕ್ಕೆ ಮಾತ್ರೆ ಪುಕ್ಕಟೆ ಕೊಡುತ್ತಿದ್ದರು. ಒಂದು ದಿನವೂ ತಪ್ಪಿಸಬಾರದು, ತಿಂಗಳು ತಿಂಗಳು ಬರಬೇಕು, ಸೂಜಿ ಬಿಡಬೇಕು. ಗಂಗರಾಜು ಎರಡು ತಿಂಗಳು ಹೋದ. ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲು ಮೈ ಕೇಳುತ್ತಿರಲಿಲ್ಲ. ಅಲ್ಲಿಗೆ ಹೋಗಬೇಕಾದರೆ ಸೂಜಿ ಬೇಕು, ಸೂಜಿ ಹಾಕಿದರೆ ಹೋಗುವುದು ಬೇಕಿಲ್ಲ. ಮೂರನೆಯ ತಿಂಗಳು ಕೊಂಡಮ್ಮ ಅವನನ್ನು ಬಸ್‌ಸ್ಟ್ಯಾಂಡಿನ ತನಕ ನಡೆಸಿಕೊಂಡು ಹೋದಳು, ಅವನು ಟಿಕೆಟ್ಟಿನ ದುಡ್ಡು ಹಿಡಿದು ತೋಪಿಗೆ ಹೋದ. ಚಟ ಎಂಬುದು ಹಾಗೆ, ಹೆತ್ತ ತಾಯಿಯ ಕಣ್ಣೀರೂ ಅದಕ್ಕೆ ನೀರೇ. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ. "ಬೈಯಿ ರಾಧಕ್ಕ, ಇನ್ನೂ ಬೈಯಿ" ಎಂದು ನಕ್ಕ. ಆ ನಗು ಮಾತ್ರ ಹಳೆಯದೇ ಉಳಿದಿತ್ತು.

ಚಿಕ್ಕಬಳ್ಳಾಪುರ ಜಿಲ್ಲೆ ಆದ ವರ್ಷ ಅವನು ಹಾಸಿಗೆ ಹಿಡಿದ. ಎದೆಗೆ ಟಿಬಿ ಇಳಿದಿತ್ತು. ನೋವು ತಾಳಲಾರದೆ, "ಅಮ್ಮ, ಒಂದೇ ಒಂದು ಹಾಕು" ಎಂದು ಗೋಗರೆಯುತ್ತಿದ್ದ. ಸಾಯುವವನಿಗೆ ಇನ್ನೆಂಥ ಚಟ ಬಿಡಿಸುವುದು? ಕೊಂಡಮ್ಮ ಕಾಗದದ ಪೊಟ್ಟಣ ಒಡೆಯದ ಹೊಸ ಸಿರಿಂಜುಗಳನ್ನು ಒಂದು ಕಟ್ಟು ತಂದಳು. ಪ್ರತಿ ಸಲ ಹೊಸ ಪೊಟ್ಟಣ ಹರಿಯುವುದು, ಹಾಕುವುದು, ಸೂಜಿ ಮುರಿದು ಬಿಸಾಡುವುದು. ಇನ್ನು ಯಾರಿಗಾಗಿ ಇಷ್ಟು ಎಚ್ಚರ ಎಂದು ನಾನು ಕೇಳಬಾರದಿತ್ತು, ಕೇಳಿಬಿಟ್ಟೆ. "ಮೊದಲೇ ಮಾಡ್ಬೇಕಿತ್ತು ರಾಧಮ್ಮ. ಈಗಲಾದ್ರೂ ಮಾಡ್ತೀನಿ" ಎಂದಳು. ಒಂದು ಬೆಳಿಗ್ಗೆ ಸೂಜಿ ಹಾಕಿಸಿಕೊಂಡು ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದವನು ಏಳಲಿಲ್ಲ. ಹೆಣ ಎತ್ತಲು ಬೀದಿಯವರು ಬರಲಿಲ್ಲ, ಕೆಂಚಾರ್ಲಹಳ್ಳಿಯ ನೆಂಟರು ಬಂದು ಎತ್ತಿದರು. ಲಾವಣ್ಯ ಮಗುವನ್ನು ತರದೆ ಒಬ್ಬಳೇ ಬಂದು ದೂರ ನಿಂತು ಅತ್ತು ಹೋದಳು.

ಅಷ್ಟರಲ್ಲಿ ಪೊಲೀಸರು ಮೆಡಿಕಲ್ ಅಂಗಡಿಗಳ ಮೇಲೆ ಒಂದು ಸಲ ದಾಳಿ ಮಾಡಿದ್ದರು. ಅದರ ಫಲ ಇಷ್ಟೇ: ಚೀಟಿ ಇಲ್ಲದೆ ಸಿರಿಂಜು ಮಾರುವುದನ್ನು ಅಂಗಡಿಯವರು ನಿಲ್ಲಿಸಿದರು. ನೋವಿನ ಮದ್ದು ಮೊದಲಿನಂತೆ ಹಿಂಬಾಗಿಲಿನಿಂದ ಬರುತ್ತಲೇ ಇತ್ತು. ಅಮಲು ಸಿಗುತ್ತದೆ, ಚೊಕ್ಕಟ ಸೂಜಿ ಸಿಗುವುದಿಲ್ಲ. ಇಂಥ ಬುದ್ಧಿವಂತಿಕೆಗೆ ಏನೆನ್ನಬೇಕೋ ನನಗೆ ತಿಳಿಯದು.

ಗಂಗರಾಜುವಿನ ತಿಥಿ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಕೊಂಡಮ್ಮನ ಜಗುಲಿಯಲ್ಲಿ ಕೂತು ಬ್ಲೌಸಿಗೆ ಹುಕ್ಕು ಹಾಕುತ್ತಿದ್ದೆ. ಅವಳು ಒಳಗೆ ಸುಮ್ಮನೆ ಗೋಡೆಗೊರಗಿ ಕೂತಿದ್ದಳು. ಬುದ್ಧನ ಪಟದ ಗಾಜಿನ ಮೇಲೆ ಧೂಳು ಕೂತಿತ್ತು. ಮುನಿಗಂಗಮ್ಮ, ಬಯ್ಯಪ್ಪ ಬಂದರು. ಇಬ್ಬರೂ ಸೊರಗಿ ಹೋಗಿದ್ದರು. ಮುನಿಗಂಗಮ್ಮನ ತುಟಿಯ ಅಂಚಿನಲ್ಲಿ ಬಿಳಿ ಹುಣ್ಣು. ಆ ಹುಣ್ಣನ್ನು ನಾವು ಮೊದಲು ಎಲ್ಲಿ ನೋಡಿದ್ದೆವು ಎಂದು ನನಗೂ ಕೊಂಡಮ್ಮನಿಗೂ ಗೊತ್ತಿತ್ತು.

"ರಕ್ತ ಪರೀಕ್ಷೆಗೆ ಹೋಗಿದ್ರಾ?" ಎಂದಳು ಕೊಂಡಮ್ಮ.

"ಹೋಗ್ತೀವಿ ಬಿಡಕ್ಕ" ಎಂದು ಬಯ್ಯಪ್ಪ ಸೆರಗಿನ ಗಂಟು ಬಿಚ್ಚುವಂತೆ ಹೆಂಡತಿಗೆ ಸನ್ನೆ ಮಾಡಿದ. ಗಂಟಿನಲ್ಲಿ ಮದ್ದಿನ ಎರಡು ಗಾಜಿನ ಸೀಸೆಗಳಿದ್ದವು.

"ನಾನು ಬಿಟ್ಟಿದ್ದೀನಿ. ಹೋಗ್ರಿ."

ಮುನಿಗಂಗಮ್ಮ ಹೊಸ್ತಿಲಲ್ಲಿ ಕೂತಳು. "ನೀನು ಬಿಸಿನೀರಲ್ಲಾದ್ರೂ ತೊಳೆದು ಹಾಕ್ತಿದ್ದೆ ಕಣಕ್ಕ. ಈಗ ತೋಪಲ್ಲಿ ಹಾಕೋನು ಅದನ್ನೂ ಮಾಡಲ್ಲ. ನೀನು ಬಿಟ್ಟ ಮೇಲೆ ಶೆಡ್ಡಿನೋರೆಲ್ಲ ಅಲ್ಲೇ ಹೋಗ್ತಾವ್ರೆ."

ಕೊಂಡಮ್ಮ ಎದ್ದು ಪೆಟ್ಟಿಗೆ ತೆಗೆದು ತಡಕಾಡಿದಳು. ಮಗನಿಗೆ ತಂದದ್ದರಲ್ಲಿ ಒಂದೇ ಒಂದು ಪೊಟ್ಟಣ ಉಳಿದಿತ್ತು. ಅದನ್ನು ಹರಿದು ಮುನಿಗಂಗಮ್ಮನ ಗಟ್ಟಿಯಾದ ತೋಳಿನಲ್ಲಿ ಮೆತ್ತಗಿನ ಜಾಗ ಹುಡುಕಿ ಚುಚ್ಚಿದಳು. ಮುನಿಗಂಗಮ್ಮ ಕಣ್ಣು ಮುಚ್ಚಿ, "ನಿನ್ ಕೈಗುಣ..." ಎಂದಳು. ಕೊಂಡಮ್ಮ ಹಲ್ಲು ಕಚ್ಚಿ ಸೂಜಿ ಹೊರಗೆಳೆದಳು.

ಬಯ್ಯಪ್ಪ ಆಗಲೇ ತೋಳು ಚಾಚಿದ್ದ. "ನಂಗೂ ಅದ್ರಲ್ಲೇ ಹಾಕಕ್ಕ. ಒಂದ್ಸಲ ಬಿಸಿನೀರಲ್ಲಿ ಅದ್ಬಿಡು, ಸಾಕು."

ಕೊಂಡಮ್ಮ ಅವನ ಕಣ್ಣೆದುರೇ ಸೂಜಿಯನ್ನು ಬಗ್ಗಿಸಿ ಮುರಿದಳು. ಬಯ್ಯಪ್ಪ ಅವಳ ಕೈ ಹಿಡಿಯಲು ಧಾವಿಸಿ, ತಡವಾಯಿತೆಂದು ತಿಳಿದು ನಿಂತ. ಅವನು ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಉಳಿದ ಸೀಸೆಯನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದ.

"ನಿಂತ್ಕೊಳ್ಳಪ್ಪ ಬಯ್ಯಪ್ಪ! ಬೆಂಗಳೂರಿಗಾದ್ರೂ ಹೋಗಿ ಹೊಸ ಸೂಜಿ ತರ್ತೀನಿ. ನಾಳೆ ಬಾ, ನಾಳೆ ಹಾಕ್ತೀನಿ."

"ನಾಳೆ ತನಕ ಯಾರು ತಡೀತಾರಕ್ಕ" ಎಂದ ಬಯ್ಯಪ್ಪ, ತಿರುಗಿ ಕೂಡ ನೋಡದೆ.

ಅವನು ಹೋದದ್ದು ನೀಲಗಿರಿ ತೋಪಿನ ಕಡೆಗೆ. ಕೊಂಡಮ್ಮ ಬಾಗಿಲಲ್ಲಿ ನಿಂತು, ಅವನು ಮರೆಯಾಗುವ ತನಕ ಅವನ ಹೆಸರು ಹಿಡಿದು ಕೂಗುತ್ತಲೇ ಇದ್ದಳು.